ಈ ‘ಇಲ್ಲದಿದ್ದರೆ’ ಯಾರದು?

“ಭಾನುವಾರ ಮಳೆ ಬಂದರೆ, ಮನೆಯಲ್ಲಿ ಕಡಲೆಹಿಟ್ಟು ಇದ್ದರೆ ಬೋಂಡ ಮಾಡು, ಇಲ್ಲದಿದ್ದರೆ ಉಪ್ಪಿಟ್ಟು ಮಾಡು.” ಉಪ್ಪಿಟ್ಟು ಯಾವಾಗ? ಮಳೆ ಬಂದು ಹಿಟ್ಟು ಇಲ್ಲದಾಗಲೋ, ಮಳೆಯೇ ಬಾರದಾಗಲೋ? ಮನೆಯಲ್ಲಾದರೆ “ಏನಂದೆ?” ಎಂದು ಅಡುಗೆಮನೆಯಿಂದಲೇ ಕೇಳಬಹುದು. ಕಂಪ್ಯೂಟರ್ ಹಾಗೆ ಕೇಳುವುದಿಲ್ಲ. ಅದಕ್ಕೇ ಈ ‘ಇಲ್ಲದಿದ್ದರೆ’, ಅಂದರೆ ‘ಎಲ್ಸ್’, ಪ್ರೋಗ್ರಾಮಿಂಗ್ ಭಾಷೆ ಕಟ್ಟಿದವರನ್ನು ಬಹಳ ಕಾಡಿತು. ಡ್ಯಾಂಗ್ಲಿಂಗ್ ಎಲ್ಸ್, ಅಂದರೆ ‘ತೂಗಾಡುವ ಎಲ್ಸ್’ ಎಂದೇ ಅದಕ್ಕೆ ಹೆಸರು ಬಿತ್ತು.

1960ರ ಜನವರಿಯಲ್ಲಿ ಯುರೋಪ್ ಮತ್ತು ಅಮೆರಿಕದ 13 ಮಂದಿ ಪ್ಯಾರಿಸ್‌ನಲ್ಲಿ ಕೂತು ಆಲ್ಗಾಲ್ 60 ಭಾಷೆಯನ್ನು ರೂಪಿಸಿದರು. ಯಾವ ಯಂತ್ರದ ಮೇಲೂ ಒಂದೇ ಅರ್ಥ ಕೊಡುವ ಭಾಷೆ ಅವರಿಗೆ ಬೇಕಿತ್ತು. ಪೀಟರ್ ನೌರ್ ಸಂಪಾದಿಸಿದ ವರದಿಯಲ್ಲಿ ಅದರ ವ್ಯಾಕರಣವೆಲ್ಲ ಜಾನ್ ಬ್ಯಾಕಸ್ ರೂಢಿಗೆ ತಂದ ಸೂತ್ರಗಳಲ್ಲಿತ್ತು. ಗೊಂದಲ ತಪ್ಪಿಸಲು ‘ದೆನ್’ ಆದ ಕೂಡಲೇ ಇನ್ನೊಂದು ‘ಇಫ್’ ಬರಬಾರದೆಂದು ಸೂತ್ರ ತಡೆದಿತ್ತು. ಆದರೆ ‘ದೆನ್’ ನಂತರ ‘ಫಾರ್’ ಬರಬಹುದಿತ್ತು, ಅದರ ಹೊಟ್ಟೆಯೊಳಗೆ ‘ಇಫ್’ ಕೂರಬಹುದಿತ್ತು. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು. ಇಬ್ಬರು ಕಂಪೈಲರ್ ಬರೆದು ಅದೇ ಪ್ರೋಗ್ರಾಮನ್ನು ಎರಡು ಬಗೆಯಲ್ಲಿ ಓದಿಸಿದರೆ, ವ್ಯಾಕರಣದ ಪ್ರಕಾರ ಇಬ್ಬರೂ ಸರಿ. 1962ರಲ್ಲಿ ರೋಮ್‌ನಲ್ಲಿ ಮತ್ತೆ ಸಭೆ ಸೇರಿತು. ಮರುವರ್ಷ ಪ್ರಕಟವಾದ ಪರಿಷ್ಕೃತ ವರದಿ ಆ ಬಾಗಿಲನ್ನೂ ಮುಚ್ಚಿತು.

ಇಂಥ ಬಿರುಕುಗಳನ್ನು ಯಂತ್ರದಿಂದಲೇ ಪತ್ತೆ ಹಚ್ಚಿಸಬಾರದೇ? ಎಲ್ಲ ಸಂದರ್ಭಕ್ಕೂ ಅದು ಸಾಧ್ಯವಿಲ್ಲ. ಯಾವುದೇ ವ್ಯಾಕರಣ ಕೊಟ್ಟರೂ ಅದರಲ್ಲಿ ಸಂದಿಗ್ಧ ಇದೆಯೋ ಇಲ್ಲವೋ ಎಂದು ತಪ್ಪದೆ ಹೇಳುವ ವಿಧಾನ ಇರಲಾರದೆಂದು ರಾಬರ್ಟ್ ಫ್ಲಾಯ್ಡ್ ಮತ್ತು ಡೇವಿಡ್ ಕ್ಯಾಂಟರ್ 1962ರಲ್ಲೇ ಬೇರೆಬೇರೆಯಾಗಿ ತೋರಿಸಿದರು.

ಹಾಗಾಗಿ ಉಳಿದದ್ದು ಒಪ್ಪಂದದ ದಾರಿ. ಆಲ್ಗಾಲ್ 68 ಪ್ರತಿ ‘ಇಫ್’ ಅನ್ನೂ ಅದೇ ಅಕ್ಷರಗಳನ್ನು ತಿರುವಿದ ‘ಫಿ’ಯಿಂದ ಮುಚ್ಚಿತು, ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಸಿ ಭಾಷೆ ಸಂದಿಗ್ಧವನ್ನು ಸೂತ್ರದಲ್ಲೇ ಉಳಿಸಿಕೊಂಡು, ‘ಎಲ್ಸ್’ ತನಗೆ ಹತ್ತಿರದ ಒಂಟಿ ‘ಇಫ್’ಗೆ ಸೇರಲಿ ಎಂದು ಮಾತಿನಲ್ಲಿ ಬರೆದಿಟ್ಟಿತು. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ರಚಿಸಿದ ಪಾರ್ಸರ್ ತಯಾರಕ ‘ಯಾಕ್’ ಕೂಡ ಇಂಥ ಕಡೆ ಒಂದು ಘರ್ಷಣೆ ಇದೆಯೆಂದು ಎಚ್ಚರಿಸಿ, ಬೇರೆ ಸೂಚನೆ ಇಲ್ಲದಿದ್ದರೆ ಹತ್ತಿರದ್ದನ್ನೇ ಹಿಡಿಯುತ್ತದೆ.

ಈ ಒಪ್ಪಂದ ಯಂತ್ರಕ್ಕೆ ಸಾಕು, ಮನುಷ್ಯರ ಕಣ್ಣಿಗೆ ಸಾಲದು. ‘ಎಲ್ಸ್’ ಸಾಲನ್ನು ಮೊದಲ ‘ಇಫ್’ನ ನೇರಕ್ಕೆ ಬರೆದರೆ ಓದುವವರು ಅದರದ್ದೇ ಎಂದುಕೊಳ್ಳುತ್ತಾರೆ, ಸಿ ಕಂಪೈಲರಿಗೆ ಖಾಲಿ ಜಾಗದ ಲೆಕ್ಕವೇ ಇಲ್ಲ. ಅನುಭವಸ್ಥರು ಬೇಕಿರಲಿ ಬೇಡದಿರಲಿ ಆವರಣ ಚಿಹ್ನೆ ಹಾಕುವುದು ಅದಕ್ಕೇ. ಇಲ್ಲವಾದರೆ, ಸಿ ಭಾಷೆಯ ನಿಯಮದಂತೆ ಓದಿದಾಗ, ಮಳೆ ಬಾರದ ಭಾನುವಾರ ಬೋಂಡವೂ ಇಲ್ಲ, ಉಪ್ಪಿಟ್ಟೂ ಇಲ್ಲ.