ಪ್ಲೇಗಿನ ಸೂಜಿಯಿಂದ ವಾಟ್ಸ್‌ಆ್ಯಪ್‌ವರೆಗೆ

2020ರ ಮಾರ್ಚ್ 22, ಜನತಾ ಕರ್ಫ್ಯೂ. ಮಂಗಸೂಳಿಯ ನಮ್ಮ ಫೋನ್‌ಗಳಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಮೆಸೇಜು: ವೈರಸ್ 12 ಗಂಟೆ ಬದುಕುತ್ತದೆ, 14 ಗಂಟೆ ಮನೆಯಲ್ಲಿದ್ದರೆ ರೋಗ ಹೋಯಿತು. ನಾನೂ ನಾಲ್ಕು ಗ್ರೂಪಿಗೆ ಕಳಿಸಿದೆ. ಪತ್ರಿಕೋದ್ಯಮ ಡಿಪ್ಲೊಮಾ ಓದಿದವನು! ಸೋಂಕಿತರ ಮೈಯಲ್ಲಿ ವೈರಸ್ ದಿನಗಟ್ಟಲೆ ಇರುತ್ತದೆ, ಮನೆಯವರಿಗೂ ಅಂಟುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಇಂಥ ವದಂತಿ ನಮ್ಮ ಭಾಗಕ್ಕೆ ಹೊಸದಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ಮುಂದೆ ಹುಬ್ಬಳ್ಳಿ, ಬೆಂಗಳೂರಿಗೂ ಹಬ್ಬಿತು. ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ ಬೇರೆಯವರಿಗೆ ಕೊಡುವ ಮೊದಲು, 1897ರ ಜನವರಿ 10ರಂದು, ತಮಗೇ ಚುಚ್ಚಿಕೊಂಡರು. ಮಾತಿಗಿಂತ ಅದೇ ದೊಡ್ಡ ಪ್ರಚಾರ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಸೂಜಿ ಹಾಕಿಸಿಕೊಂಡರು.

1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್ ಪ್ರಯೋಗಾಲಯದ ಮೇಲೆ ಬಿತ್ತು. ಬಾಟಲಿ ತೆರೆದ ಜಾಗದಲ್ಲೇ ಕೊಳೆ ಸೇರಿರಬೇಕು ಎಂದು ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದದ್ದು 1907ರಲ್ಲಿ. ಅದೇ ವರ್ಷ ಅವರ ಮೇಲಿನ ಕಳಂಕ ಹೋಯಿತು. ಆದರೆ ಇಂಗ್ಲಿಷ್ ಪತ್ರ, ಅದೂ ಲಂಡನ್ನಿನ ಪತ್ರಿಕೆಯಲ್ಲಿ! ಹಳ್ಳಿಯ ಕಿವಿಗೆ ಅದು ಬೀಳುವುದಾದರೂ ಹೇಗೆ?

ಕೋವಿಡ್‌ನಲ್ಲಿ ವಿಜ್ಞಾನಿಗಳು ಅಷ್ಟು ವರ್ಷ ಕಾಯಲಿಲ್ಲ. ಮಾರ್ಚ್‌ನಲ್ಲೇ ದೇಶದ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳು 'ಇಂಡಿಯನ್ ಸೈಂಟಿಸ್ಟ್ಸ್ ರೆಸ್ಪಾನ್ಸ್ ಟು ಕೋವಿಡ್-19' ಎಂಬ ಗುಂಪು ಕಟ್ಟಿ, ವದಂತಿಗಳಿಗೆ ಹಲವು ಭಾಷೆಗಳಲ್ಲಿ ಚಿತ್ರಸಹಿತ ಉತ್ತರ ಹಂಚಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳು ಸೇರಿ 'ಕೋವಿಡ್‌ಜ್ಞಾನ್' ಶುರು ಮಾಡಿದವು. ರಾಜ್ಯದ ತಾಂತ್ರಿಕ ಸಲಹಾ ಸಮಿತಿಯಲ್ಲಿದ್ದ ಸಾಂಕ್ರಾಮಿಕ ರೋಗ ತಜ್ಞ ಡಾ. ಗಿರಿಧರ ಬಾಬು ಟ್ವಿಟರ್‌ನಲ್ಲಿ ಬರೆಯುತ್ತಿದ್ದರು. ನಾವು ಪೇಟೆಯ ವರದಿಗಾರರು ಅದನ್ನೇ ನೋಡಿ ಸುದ್ದಿ ಮಾಡುತ್ತಿದ್ದೆವು.

ತೊಡಕು ಇಷ್ಟೇ: ವಿಜ್ಞಾನಿಗಳು ಹೆಚ್ಚು ಮಾತಾಡಿದ್ದು ಟ್ವಿಟರ್‌ನಲ್ಲಿ, ನಮ್ಮೂರು ಇದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ. ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದೇ ಗ್ರೂಪಿಗೆ ಕಳಿಸುವಂತೆ ಕಂಪನಿ 2020ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿತು. ಅಷ್ಟರಲ್ಲಿ ಸುಳ್ಳು ಮೀರಜ್ ದಾಟಿ ಬಂದಾಗಿತ್ತು.

2021ರಲ್ಲಿ ನಮ್ಮ ಸೋದರತ್ತೆ ಒಂದು ಮರಾಠಿ ವಿಡಿಯೊ ನೋಡಿ ಲಸಿಕೆ ಒಲ್ಲೆ ಅಂದಳು. ನಾನು ಗುಂಪಿನ ಚಿತ್ರ ತೋರಿಸಿದೆ, ಓದಿ ಹೇಳಿದೆ. ಕೇಳಲಿಲ್ಲ. ಕಡೆಗೆ ಆಶಾ ಕಾರ್ಯಕರ್ತೆ ಮನೆಕಟ್ಟೆಯ ಮೇಲೆ ಕೂತು ತನ್ನ ತೋಳು ತೋರಿಸಿದರು: 'ನಾನೂ ಹಾಕಿಸ್ಕೊಂಡೀನಿ ಅತ್ತಿ, ನೋಡ್ರಿ.' ಮರುದಿನ ಅತ್ತೆ ಸೀರೆ ಬದಲಿಸಿ ಹೊರಟಳು.