ಸ್ಟೌಟ್‌ಗೆ ಬಾರ್ಲಿಯೇ ಬೇಕೆ? ಗೋಗಿಯ ಬಿಳಿಜೋಳವೂ ಇದೆ

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿ ಜೋಳದ ಸೀಮೆ. ರೊಟ್ಟಿ ಬಡಿಯುವ ಮನೆಗಳಲ್ಲೇ ಜೋಳದ ಅಂಬಲಿಯೂ ಹುಳಿ ಬರುತ್ತದೆ. ಆದರೂ ಇಲ್ಲಿಯ ಹಳೆಯ ಅಮಲು ಕಾಳಿನದಲ್ಲ, ಈಚಲು ಮರದ ಸೇಂದಿಯದು. 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿದ್ದ; ಹೆಂಡ ಮಾರುವುದೇ ಅವನ ಕಾಯಕ. ಕಾಳನ್ನು ಮೊಳಕೆ ಬರಿಸಿ, ಹುರಿದು, ಗಟ್ಟಿ ಕಪ್ಪು ಬಿಯರ್ ಮಾಡುವ ವಿದ್ಯೆ ಬೆಳೆದದ್ದು ದೂರದ ಲಂಡನ್ನಿನಲ್ಲಿ.

18ನೇ ಶತಮಾನದ ಲಂಡನ್ ಕೂಲಿಕಾರರ ಪೋರ್ಟರ್ ಬಿಯರಿನ ಕಡಕ್ ರೂಪವೇ ಸ್ಟೌಟ್. ಮೊಳಕೆ ಬರಿಸಿ ಒಣಗಿಸಿದ ಕಾಳೇ ಮಾಲ್ಟ್. ಕಂದು ಮಾಲ್ಟಿಗಿಂತ ತಿಳಿಬಣ್ಣದ ಮಾಲ್ಟಿನಲ್ಲೇ ಹೆಚ್ಚು ಸಕ್ಕರೆ ಸಿಗುತ್ತದೆಂದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೋರಿಸಿಕೊಟ್ಟಿತು. ಲಾಭ ಬಂತು, ಬಣ್ಣ ಹೋಯಿತು. 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟನ್ನು ಕಾಫಿ ಬೀಜದಂತೆ ಕಪ್ಪಗೆ ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಬಣ್ಣಕ್ಕೆ ಚೂರು ಕರಿಮಾಲ್ಟ್ ಸಾಕಾಯಿತು. ಇಂದಿನ ಸ್ಟೌಟ್ ಹುಟ್ಟಿದ್ದು ಇಲ್ಲಿಂದಲೇ ಎನ್ನಬೇಕು. ಅದಕ್ಕೂ ಮೊದಲೇ ಅದರ ಅತಿ ಗಟ್ಟಿ ಬಗೆ ರಷ್ಯದ ಅರಮನೆ ಸೇರಿತ್ತು. ಪೋರ್ಟರ್ ಪೀಪಾಯಿಗಳು ಹಡಗೇರಿ ಭಾರತದ ದಂಡುಗಳಿಗೂ ಬಂದವು.

ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಪರವಾನಗಿಯನ್ನು ಬ್ರಿಟನ್ 1963ರಲ್ಲಿ ಕೈಬಿಟ್ಟಿತು. ಅಮೆರಿಕ 1978ರಲ್ಲಿ ಕಾನೂನು ಸಡಿಲಿಸಿತು. ಆಮೇಲೆ ಸ್ಟೌಟ್ ಹವ್ಯಾಸಿಗಳ ಅಡುಗೆಮನೆ ಸೇರಿತು. ನುಚ್ಚಾದ ಮಾಲ್ಟನ್ನು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ನೆನೆಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ರಸಕ್ಕೆ ಕಹಿ ಕೊಡುವ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಗಟ್ಟಿ ಸ್ಟೌಟ್‌ಗೆ ಕಾಳು ಹೆಚ್ಚು, ತಾಳ್ಮೆ ಇನ್ನೂ ಹೆಚ್ಚು: ಮದ್ಯಸಾರ ಶೇ 8ರಿಂದ 10ಕ್ಕೇರಿದಾಗ ಅದರ ಒರಟುತನ ಇಳಿಯಲು ತಿಂಗಳುಗಳೇ ಬೇಕು. ಹುದುಗುವಾಗ 20 ಡಿಗ್ರಿ ಆಸುಪಾಸಿನ ತಂಪಿರಬೇಕು. ಬೇಸಿಗೆಯಲ್ಲಿ 40 ದಾಟುವ ಯಾದಗಿರಿಯಲ್ಲಿ ಯಂತ್ರದ ತಂಪಿಲ್ಲದೆ ಅದು ಸಾಧ್ಯವಿಲ್ಲ.

ಕರ್ನಾಟಕದ ಬಿಯರ್ ಕಥೆ ಬಹುಕಾಲ ದೊಡ್ಡ ಕಾರ್ಖಾನೆಯದೇ. 1915ರಲ್ಲಿ ಥಾಮಸ್ ಲೀಶ್‌ಮನ್ ಕಟ್ಟಿದ ಯುನೈಟೆಡ್ ಬ್ರೂವರೀಸ್ ಮುಂದೆ ಉದ್ಯಮಿ ವಿಠ್ಠಲ ಮಲ್ಯರ ಕೈಗೆ ಬಂತು. ಜನಕ್ಕೆ ರೂಢಿಯಾದದ್ದು ತಿಳಿಬಣ್ಣದ ಲಾಗರ್ ಬಿಯರ್. 2010ರ ಹೊತ್ತಿಗೆ ಕಿರು ಬ್ರೂವರಿಗಳಿಗೆ ದಾರಿ ತೆರೆದ ಮೇಲೆ ಬೆಂಗಳೂರಿನಲ್ಲಿ ಬಿಯರ್ ಕ್ಲಬ್, ಟಾಯ್ಟ್ ಮುಂತಾದವು ಬಂದವು. ಟಾಯ್ಟ್‌ನ ‘ಡಾರ್ಕ್ ನೈಟ್’ ಸ್ಟೌಟ್ ಕನ್ನಡ ನಾಡಿನಲ್ಲೇ ತಯಾರಾದ ಕಪ್ಪು ಬಿಯರ್. ಮನೆಗೆ ಮಾತ್ರ ಆ ಬಾಗಿಲು ತೆರೆದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಗೋಗಿಗೆ ಹತ್ತಿರವಾದ ಪಾಠ ನೈಜೀರಿಯದ್ದು. 1988ರಲ್ಲಿ ಆ ದೇಶ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಬ್ರೂವರಿಗಳು ಜೋಳಕ್ಕೆ ತಿರುಗಿದವು. ಗಿನ್ನೆಸ್ ಕಂಪನಿಯ ಕಡಕ್ ಸ್ಟೌಟೂ ಅಲ್ಲಿ ಜೋಳದಿಂದ ತಯಾರಾಯಿತು. ಅದು ಸಲೀಸಲ್ಲ. ಜೋಳದ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು, ಪಿಷ್ಟ ಒಡೆಯುವ ಕಿಣ್ವಗಳಲ್ಲಿ ಒಂದು ಕಡಿಮೆ, ಸೋಸಲು ನೆರವಾಗುವ ಹೊಟ್ಟೂ ಇಲ್ಲ. ಮೊಳಕೆ ರಾಗಿಯಲ್ಲಿ ಅಂಥ ಕಿಣ್ವಗಳು ಧಾರಾಳ. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ರಾಗಿ ಮಾಲ್ಟಿನ ಮೇಲೆ ದೊಡ್ಡ ಕೆಲಸವನ್ನೇ ಮಾಡಿದೆ. ಜೋಳ, ರಾಗಿ ಎರಡನ್ನೂ ಕೂಡಿಸಿ ನೋಡಬಹುದು.

ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳು ಭತ್ತ, ಹತ್ತಿಗೆ ಹೊರಳಿವೆ. ಬಿಳಿಜೋಳಕ್ಕೆ ಹೊಸ ಗಿರಾಕಿ ಬೇಕು. ಗೋಗಿಯ ನೆರೆಯ ಭೀಮರಾಯನಗುಡಿಯಲ್ಲೇ ಕೃಷಿ ಕಾಲೇಜಿದೆ; ಪರವಾನಗಿ ಪಡೆದ ಬ್ರೂವರಿಯೊಂದನ್ನು ಜೊತೆಗೆ ಕರೆದುಕೊಂಡು, ಬಿಳಿಜೋಳದ ಮಾಲದಂಡಿ ತಳಿ ಎಷ್ಟು ಮಾಲ್ಟ್ ಕೊಡುತ್ತದೆ ಎಂಬ ಪರೀಕ್ಷೆಯನ್ನು ಅದು ಕೈಗೆತ್ತಿಕೊಳ್ಳಲಿ.