ಮುಖಗವಸಿನ ವಾದ: ಪ್ರಮಾಣಗಳ ಒಂದು ಪರಿಶೀಲನೆ

ಮುಖಗವಸು ಸಾಂಕ್ರಾಮಿಕ ರೋಗವನ್ನು ತಡೆಯಬಲ್ಲುದೇ ಎಂಬ ವಾದ 2020ರಲ್ಲಿ ಹುಟ್ಟಿದುದೆಂದು ಹಲವರ ಭಾವನೆ. ಅದಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವುಂಟು.

1910ರ ಡಿಸೆಂಬರಿನಲ್ಲಿ ಮಂಚೂರಿಯದ ಹಾರ್ಬಿನ್ ನಗರಕ್ಕೆ ಬಂದ ವೈದ್ಯ ವೂ ಲಿಯೆನ್-ತೆ, ಅಲ್ಲಿನ ಪ್ಲೇಗು ಇಲಿ-ಚಿಗಟಗಳ ನೆರವಿಲ್ಲದೆ ರೋಗಿಯ ಉಸಿರಿನಿಂದಲೇ ಹರಡುತ್ತಿದೆಯೆಂದು ನಿರ್ಣಯಿಸಿ, ಹತ್ತಿ ಹಾಗೂ ಗಾಜ್ ಬಟ್ಟೆಯ ಗವಸನ್ನು ಬಳಕೆಗೆ ತಂದರು. ಈ ಮತವನ್ನು ಒಪ್ಪದ ಫ್ರೆಂಚ್ ವೈದ್ಯ ಮೆಸ್ನಿ ಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿ, 1911ರ ಜನವರಿಯಲ್ಲಿ ಅದೇ ರೋಗದಿಂದ ತೀರಿಕೊಂಡರು. ಆ ಮರಣವು ವೂ ಅವರ ಪಕ್ಷಕ್ಕೆ ಬಲ ತಂದಿತು. ಆದರೆ ರೋಗಿಗಳನ್ನು ಪ್ರತ್ಯೇಕಿಸುವುದು, ಸಂಚಾರ ನಿರ್ಬಂಧ, ಶವದಹನ ಇವೆಲ್ಲ ಜೊತೆಜೊತೆಗೇ ನಡೆದುದರಿಂದ, ರೋಗವಡಗಿದಾಗ ಗವಸಿನ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲು ಬರುವಂತಿರಲಿಲ್ಲ. ಮೇಲಾಗಿ ಪ್ಲೇಗು ಬ್ಯಾಕ್ಟೀರಿಯದ ರೋಗ; ವೈರಸ್ಸಿಗೆ ಆ ನಿದರ್ಶನವನ್ನು ಹಾಗೆಯೇ ಅನ್ವಯಿಸಲಾಗದು.

1918ರ ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜದ ಭಯದಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರ ಗವಸನ್ನು ಕಡ್ಡಾಯಗೊಳಿಸಿತು. 1919ರ ಜನವರಿಯಲ್ಲಿ ಎರಡನೆಯ ಆಜ್ಞೆ ಹೊರಟಾಗ ಅದನ್ನು ವಿರೋಧಿಸಲು ಸಂಘವೇ ಸ್ಥಾಪಿತವಾಯಿತು. ಕ್ಯಾಲಿಫೋರ್ನಿಯದ ಕೆಲಾಗ್ ಮತ್ತು ಮ್ಯಾಕ್‌ಮಿಲನ್ 1920ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಪದರಗಳು ಹೆಚ್ಚಿದಂತೆ ಬಟ್ಟೆ ಹೆಚ್ಚು ಸೋಸುತ್ತದೆ. ಆದರೆ ಉಸಿರಾಟ ಕಷ್ಟವಾಗಿ ಗಾಳಿ ಅಂಚುಗಳಿಂದ ನುಸುಳುತ್ತದೆ. ಕಡ್ಡಾಯಗೊಳಿಸುವಷ್ಟು ಪ್ರಯೋಜನ ಸಿದ್ಧವಾಗಿಲ್ಲವೆಂಬುದು ಅವರ ತೀರ್ಮಾನ. ಬಟ್ಟೆ ಸೋಸಬಲ್ಲುದೇ, ಆಜ್ಞೆ ಫಲಿಸಬಲ್ಲುದೇ ಎಂಬ ಎರಡು ಪ್ರಶ್ನೆಗಳು ಬೇರೆ ಬೇರೆಯೆಂಬುದು ಇಲ್ಲಿ ಸ್ಪಷ್ಟವಾಯಿತು.

ಕೋವಿಡ್ ಕಾಲದ ವಾದಿಗಳು ಈ ಭೇದವನ್ನು ಬಹುಮಟ್ಟಿಗೆ ಮರೆತರು. 2020ರಲ್ಲಿ ಡೆನ್ಮಾರ್ಕಿನ ಸುಮಾರು 6,000 ಜನರ ಪರೀಕ್ಷೆಯಲ್ಲಿ, ಗವಸು ಧರಿಸಲು ಸಲಹೆ ಪಡೆದವರಲ್ಲಿ ಶೇಕಡ 1.8, ಉಳಿದವರಲ್ಲಿ ಶೇಕಡ 2.1 ಮಂದಿಗೆ ಸೋಂಕು ತಗಲಿತು. ಈ ಅಂತರದಿಂದ ಏನನ್ನೂ ನಿಶ್ಚಯಿಸುವಂತಿರಲಿಲ್ಲ. ಧರಿಸಿದವನಿಂದ ಇತರರಿಗೆ ದೊರೆಯುವ ರಕ್ಷಣೆಯನ್ನು ಆ ಪರೀಕ್ಷೆ ಅಳೆಯಲೂ ಇಲ್ಲ. ಬಾಂಗ್ಲಾದೇಶದ 600 ಹಳ್ಳಿಗಳ ಪರೀಕ್ಷೆಯಲ್ಲಿ ಪ್ರಚಾರದಿಂದ ಗವಸಿನ ಸರಿಯಾದ ಬಳಕೆ ಸುಮಾರು ಶೇಕಡ 13ರಿಂದ 42ಕ್ಕೆ ಏರಿತು. ರೋಗಲಕ್ಷಣವುಳ್ಳ ಸೋಂಕು ಶೇಕಡ 9ರಷ್ಟು ಇಳಿಯಿತು. ಅರ್ಧಕ್ಕಿಂತ ಹೆಚ್ಚು ಜನ ಆಗಲೂ ಸರಿಯಾಗಿ ಧರಿಸಿರಲಿಲ್ಲವೆಂಬುದನ್ನು ಗಮನಿಸಬೇಕು. 2023ರ ಕಾಕ್ರನ್ ಸಮೀಕ್ಷೆಯನ್ನು 'ಗವಸು ನಿರುಪಯೋಗಿ' ಎಂದು ಹಲವರು ಓದಿದರು. ಆ ಅರ್ಥ ಸರಿಯಲ್ಲ, ಫಲಿತಾಂಶ ಅನಿರ್ಣಿತವೆಂದು ಅದರ ಪ್ರಧಾನ ಸಂಪಾದಕರೇ ಹೇಳಬೇಕಾಯಿತು.

ಇವನ್ನೆಲ್ಲ ಕೂಡಿಸಿ ನೋಡಿದರೆ, ಒಳ್ಳೆಯ ಗವಸು ಸರಿಯಾಗಿ ಧರಿಸಿದಲ್ಲಿ ಸೋಸುತ್ತದೆಂಬುದು ದೃಢ. ಊರಿಗೆ ಊರೇ ಧರಿಸಬೇಕೆಂಬ ಆಜ್ಞೆಯ ಫಲವೆಷ್ಟೆಂಬುದು ಅಷ್ಟು ದೃಢವಲ್ಲ. ಪೂರ್ಣ ಪ್ರಮಾಣ ದೊರೆಯುವವರೆಗೆ ಸಾಂಕ್ರಾಮಿಕ ಕಾಯುವುದಿಲ್ಲವಾದುದರಿಂದ, ಅಧಿಕಾರಿಗಳು ಅರೆತಿಳಿವಿನಲ್ಲಿಯೇ ಆಜ್ಞೆ ಮಾಡಬೇಕಾಗುತ್ತದೆ. ಅದು ತಪ್ಪಲ್ಲ. ಅರೆತಿಳಿವನ್ನು ಪೂರ್ಣ ತಿಳಿವೆಂದು ಜನರಿಗೆ ಹೇಳಿದರೆ ಮಾತ್ರ, ಮುಂದಿನ ಸಾಂಕ್ರಾಮಿಕದಲ್ಲಿ ಅವರ ನಿಜವಾದ ಮಾತನ್ನೂ ಯಾರೂ ನಂಬಲಾರರು.